ಇವಿ ಕಾರಿನಲ್ಲಿ ಪವರ್‌ಟ್ರೇನ್ ವಾರ್ನಿಂಗ್ ಬಂದು ಎಳೆತ ಇಳಿದಾಗ: ದಾರಿಯಿಂದ ಸರ್ವಿಸ್ ಸೆಂಟರ್‌ವರೆಗೆ

ಗಾಡಿ ಚೆನ್ನಾಗಿಯೇ ಓಡುತ್ತಿರುತ್ತದೆ. ಇದ್ದಕ್ಕಿದ್ದಂತೆ ಡ್ಯಾಶ್‌ಬೋರ್ಡ್ ಮೇಲೆ ಹಳದಿ ಆಮೆಯ ಚಿತ್ರ ಮೂಡುತ್ತದೆ. ಕೆಲವು ಕಾರುಗಳಲ್ಲಿ ಆಮೆಯ ಬದಲು ಪವರ್‌ಟ್ರೇನ್‌ನಲ್ಲಿ ದೋಷವಿದೆ, ಪವರ್ ಇಳಿಸಲಾಗಿದೆ ಎನ್ನುವ ಸಾಲು ಬರುತ್ತದೆ. ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಎಳೆಯುವುದಿಲ್ಲ. ಹಿಂದಿನಿಂದ ಹಾರ್ನ್ ಶುರುವಾಗುತ್ತದೆ.

ಆಗ ಕೈ ತಾನಾಗಿಯೇ ಪವರ್ ಬಟನ್ ಕಡೆಗೆ ಹೋಗುತ್ತದೆ. ಒಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗಬಹುದು ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ. ಸುರಕ್ಷಿತ ಜಾಗ ಸೇರುವವರೆಗೆ ಗಾಡಿ ಆಫ್ ಮಾಡಬಾರದು. ಸಂದೇಶದ ಫೋಟೋ ತೆಗೆಯುವವರೆಗೆ ಏನನ್ನೂ ಅಳಿಸಬಾರದು. ಈ ಎರಡು ಮಾತು ನೆನಪಿದ್ದರೆ ಉಳಿದದ್ದನ್ನು ಗಾಡಿ ನಿಲ್ಲಿಸಿದ ಮೇಲೆ ನಿಧಾನವಾಗಿ ನೋಡಿಕೊಳ್ಳಬಹುದು.

ನನ್ನ ಕಾರಿಗೆ ಮೊದಲ ಸಲ ಹೀಗಾದಾಗ ನಾನು ಏರು ರಸ್ತೆಯ ತಿರುವಿನಲ್ಲೇ ಆಫ್ ಮಾಡಿದ್ದೆ. ಅಲ್ಲಿಯವರೆಗೆ ತೆವಳಿಕೊಂಡಾದರೂ ಹತ್ತುತ್ತಿದ್ದ ಗಾಡಿ ಮತ್ತೆ ‘ರೆಡಿ’ ಆಗಲೇ ಇಲ್ಲ. ತಿರುವಿನ ಆಚೆಯಿಂದ ಬರುವವರಿಗೆ ನಮ್ಮ ಕಾರು ಕಾಣುತ್ತಿರಲಿಲ್ಲ. ಇನ್ನೂರು ಮೀಟರ್ ಮುಂದೆಯೇ ವಿಶಾಲವಾದ ಜಾಗವಿತ್ತು. ಆ ಅರ್ಧ ಗಂಟೆಯ ಭಯ ಬೇರೆ ಯಾರಿಗೂ ಬರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಓಡುತ್ತಿದ್ದ ಗಾಡಿ ಮತ್ತೆ ಯಾಕೆ ಏಳುವುದಿಲ್ಲ

ಇವಿಯ ಪವರ್‌ಟ್ರೇನ್ ಅಂದರೆ ದೊಡ್ಡ ಬ್ಯಾಟರಿ, ಅದನ್ನು ಕಾಯುವ ಬಿಎಂಎಸ್ ಎನ್ನುವ ಕಂಪ್ಯೂಟರ್, ಬ್ಯಾಟರಿಯ ಡಿಸಿ ಕರೆಂಟನ್ನು ಎಸಿ ಮಾಡಿ ಮೋಟಾರಿಗೆ ಕೊಡುವ ಇನ್ವರ್ಟರ್, ಮೋಟಾರು, ಅದರ ಗೇರು. ಬ್ಯಾಟರಿಗೂ ಇನ್ವರ್ಟರಿಗೂ ನಡುವೆ ಕಾಂಟ್ಯಾಕ್ಟರ್ ಎನ್ನುವ ದೊಡ್ಡ ರಿಲೇಗಳಿವೆ. ಗಾಡಿ ಆನ್ ಮಾಡಿದಾಗ ಟಕ್ ಅಂತ ಕೇಳಿಸುವುದು ಅವು ಕೂಡಿಕೊಳ್ಳುವ ಸದ್ದು.

ಓಡುವಾಗ ಎಲ್ಲೋ ತಾಪ ಏರಿತು, ಒಂದು ಸೆಲ್‌ನ ವೋಲ್ಟೇಜ್ ಕುಸಿಯಿತು, ಅಥವಾ ಒಂದು ಸೆನ್ಸರ್ ತಪ್ಪು ಲೆಕ್ಕ ಕೊಟ್ಟಿತು ಅಂದುಕೊಳ್ಳಿ. ನಡುರಸ್ತೆಯಲ್ಲಿ ಕರೆಂಟು ಕಡಿದರೆ ಅಪಾಯ. ಅದಕ್ಕೇ ಗಾಡಿ ಸಾಧ್ಯವಾದಷ್ಟು ಹೊತ್ತು ಕಾಂಟ್ಯಾಕ್ಟರ್ ಬಿಡದೆ, ಪವರ್ ಮಾತ್ರ ಇಳಿಸಿ, ನಿಮ್ಮನ್ನು ಬದಿಗೆ ತಲುಪಿಸಲು ನೋಡುತ್ತದೆ. ನೀವು ಆಫ್ ಮಾಡಿದ ಕೂಡಲೇ ಕಾಂಟ್ಯಾಕ್ಟರ್ ತೆರೆದುಕೊಳ್ಳುತ್ತದೆ. ಮತ್ತೆ ಆನ್ ಮಾಡುವಾಗ ಗಾಡಿ ಎಲ್ಲವನ್ನೂ ಹೊಸದಾಗಿ ಪರೀಕ್ಷೆ ಮಾಡುತ್ತದೆ. ಆ ಪರೀಕ್ಷೆಯಲ್ಲಿ ದೋಷ ಸಿಕ್ಕರೆ ಕಾಂಟ್ಯಾಕ್ಟರ್ ಕೂಡುವುದೇ ಇಲ್ಲ.

ಮೊದಲ ಎರಡು ನಿಮಿಷ

ಆಕ್ಸಿಲರೇಟರ್ ಮೇಲಿನ ಕಾಲನ್ನು ನಿಧಾನವಾಗಿ ಸಡಿಲಿಸಿ. ಪೂರ್ತಿ ತೆಗೆಯಬೇಡಿ. ರೀಜೆನ್ (ಕಾಲು ತೆಗೆದಾಗ ಮೋಟಾರೇ ಬ್ರೇಕಿನಂತೆ ಹಿಡಿದು ಬ್ಯಾಟರಿ ತುಂಬುವುದು) ಜೋರಾಗಿ ಹಿಡಿಯುವ ಗಾಡಿಯಾದರೆ ಹಿಂದಿನವರು ಗುದ್ದುವಷ್ಟು ಬೇಗ ವೇಗ ಇಳಿದುಬಿಡುತ್ತದೆ. ಹಜಾರ್ಡ್ ಲೈಟ್ ಹಾಕಿ. ಎಸಿ ಅಥವಾ ಹೀಟರ್ ಆಫ್ ಮಾಡಿ. ಗಾಜು ಮಂಜಾಗುತ್ತಿದ್ದರೆ ಮಾತ್ರ ಬಿಡಿ, ರಸ್ತೆ ಕಾಣಿಸುವುದು ಮುಖ್ಯ.

ಬ್ರೇಕ್ ಕೆಲಸ ಮಾಡುತ್ತದೆ, ಆ ಧೈರ್ಯ ಇರಲಿ. ರೀಜೆನ್ ಹೋದರೂ ಚಕ್ರದ ಬ್ರೇಕ್ ಪ್ಯಾಡ್‌ಗಳು ಇದ್ದೇ ಇರುತ್ತವೆ. ಆದರೆ ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ಸಹಾಯ ಗಾಡಿಯಲ್ಲಿರುವ ಇನ್ನೊಂದು ಚಿಕ್ಕ ಬ್ಯಾಟರಿಯ 12 ವೋಲ್ಟ್ ಕರೆಂಟಿನಿಂದ ಬರುತ್ತದೆ. ಅದೂ ಸೊರಗಿದರೆ ಸ್ಟಿಯರಿಂಗ್ ಬಿಗಿಯಾಗುತ್ತದೆ, ಬ್ರೇಕ್ ಜಾಸ್ತಿ ಒತ್ತಬೇಕಾಗುತ್ತದೆ. ಎರಡು ಕೈಯಿಂದ ಗಟ್ಟಿಯಾಗಿ ಹಿಡಿದು ತಿರುಗಿಸಿ. ಬ್ರೇಕನ್ನು ಪದೇಪದೇ ಪಂಪ್ ಮಾಡದೆ ಒಂದೇ ಸಲ ಗಟ್ಟಿಯಾಗಿ ಒತ್ತಿ.

ಸೇತುವೆ, ಸುರಂಗ, ತಿರುವು, ರೈಲ್ವೆ ಗೇಟು ಇಂಥ ಕಡೆ ನಿಲ್ಲಬೇಡಿ. ಗಾಡಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತೆವಳುತ್ತಿದ್ದರೂ ಅಷ್ಟರಲ್ಲೇ ಆಚೆ ದಾಟಿಸಿ. ಸಮತಟ್ಟಾದ, ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣುವ ಜಾಗ ಸಿಕ್ಕ ಮೇಲೆ ನಿಲ್ಲಿಸಿ.

ಇದಕ್ಕೆ ಅಪವಾದವೂ ಇದೆ. ಕೆಂಪು ಬಣ್ಣದಲ್ಲಿ ತಕ್ಷಣ ನಿಲ್ಲಿಸಿ ಎನ್ನುವ ಸಂದೇಶ ಬಂದರೆ ಮುಂದಿನ ಒಳ್ಳೆಯ ಜಾಗಕ್ಕೆ ಕಾಯಬೇಡಿ, ಸಿಕ್ಕ ಮೊದಲ ಬದಿಗೆ ತಿರುಗಿಸಿ. ಗಾಡಿಯ ಅಡಿಯಿಂದ ಹೊಗೆ, ಹಿಸ್ಸೆನ್ನುವ ಸದ್ದು, ಪಟಪಟ ಸಿಡಿಯುವ ಸದ್ದು, ಬಣ್ಣದ ಥಿನ್ನರ್ ತರಹದ ವಾಸನೆ ಇವುಗಳಲ್ಲಿ ಯಾವುದು ಕಂಡರೂ ಎಲ್ಲರೂ ಕೆಳಗಿಳಿಯಿರಿ. ಕನಿಷ್ಠ 15 ಮೀಟರ್, ಸಾಧ್ಯವಾದರೆ ಇನ್ನೂ ಜಾಸ್ತಿ ದೂರ ಹೋಗಿ, ಹೊಗೆ ನಿಮ್ಮ ಮೇಲೆ ಬರದಂತೆ ಗಾಳಿ ಬರುವ ಕಡೆ ನಿಂತು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಎಲೆಕ್ಟ್ರಿಕ್ ಕಾರು ಎಂದು ಮೊದಲ ಮಾತಿನಲ್ಲೇ ಹೇಳಿ. ಬ್ಯಾಗು, ಲ್ಯಾಪ್‌ಟಾಪ್ ತರಲು ವಾಪಸ್ ಹೋಗಬೇಡಿ. ಇಂಥ ಬ್ಯಾಟರಿ ಬೆಂಕಿ ಆರಿದ ಮೇಲೆ ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು. ಪವರ್ ಇಳಿದ ಹೆಚ್ಚಿನ ಸಂದರ್ಭಗಳಲ್ಲಿ ಬೆಂಕಿಯ ಮಾತೇ ಇರುವುದಿಲ್ಲ. ಆದರೂ ಈ ಲಕ್ಷಣಗಳು ಗೊತ್ತಿರಲೇಬೇಕು.

ಆಫ್ ಮಾಡುವ ಮುಂಚೆ ಬರೆದಿಟ್ಟುಕೊಳ್ಳಿ

ಗಾಡಿ ನಿಂತಿತು, ಜನ ಸುರಕ್ಷಿತವಾಗಿದ್ದಾರೆ. ಈಗ ಮೊಬೈಲ್ ತೆಗೆಯಿರಿ. ಬಹಳಷ್ಟು ದೋಷಗಳು ಬಂದುಹೋಗುವಂಥವು. ಸರ್ವಿಸ್ ಸೆಂಟರ್ ತಲುಪುವ ಹೊತ್ತಿಗೆ ಗಾಡಿ ಏನೂ ಆಗಿಲ್ಲ ಎನ್ನುವಂತೆ ಓಡುತ್ತಿರುತ್ತದೆ. ಆಗ ನಿಮ್ಮ ಬಳಿ ಇರುವ ಸಾಕ್ಷಿ ಈ ಫೋಟೋಗಳು ಮಾತ್ರ.

ಇಡೀ ಡ್ಯಾಶ್‌ಬೋರ್ಡಿನ ಫೋಟೋ ತೆಗೆಯಿರಿ. ಸಂದೇಶದ ಅಕ್ಷರಗಳು, ಉರಿಯುವ ಎಲ್ಲ ದೀಪಗಳು, ಓಡೋಮೀಟರ್, ಚಾರ್ಜಿನ ಶೇಕಡಾವಾರು, ಹೊರಗಿನ ತಾಪಮಾನ, ಸಮಯ ಎಲ್ಲವೂ ಕಾಣಬೇಕು. ಸಂದೇಶಗಳು ಒಂದಾದ ಮೇಲೊಂದು ಬರುತ್ತಿದ್ದರೆ ವಿಡಿಯೋ ಮಾಡಿ. ಆಮೇಲೆ ನೆನಪಿನಿಂದ ನಾಲ್ಕು ಸಾಲು ಬರೆಯಿರಿ:

- ಆಗ ಗಾಡಿ ಏನು ಮಾಡುತ್ತಿತ್ತು: ಏರು, ಓವರ್‌ಟೇಕ್, ಸಮ ವೇಗ, ರಿವರ್ಸ್?
- ಕೊನೆಯ ಸಲ ಚಾರ್ಜ್ ಮಾಡಿದ್ದು ಯಾವಾಗ, ಮನೆಯ ಎಸಿ ಚಾರ್ಜರಿನಲ್ಲೋ ಡಿಸಿ ಫಾಸ್ಟ್ ಚಾರ್ಜರಿನಲ್ಲೋ?
- ಪವರ್ ನಿಧಾನವಾಗಿ ಇಳಿಯಿತೋ, ಒಮ್ಮೆಲೇ ಹೋಯಿತೋ? ಏನಾದರೂ ಸದ್ದು ಕೇಳಿಸಿತೇ?
- ಹಿಂದಿನ ಎರಡು ಮೂರು ದಿನದಲ್ಲಿ ಆಳದ ನೀರಿನಲ್ಲಿ ಹೋಗಿದ್ದು, ಅಡಿ ತಗುಲಿದ್ದು, ಸರ್ವಿಸ್ ಮಾಡಿಸಿದ್ದು, ಹೊಸ ಕ್ಯಾಮೆರಾ ಅಥವಾ ಲೈಟು ಹಾಕಿಸಿದ್ದು ಇದೆಯೇ?

ಕೊನೆಯ ಪ್ರಶ್ನೆಯನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಗಾಡಿ ನಿಂತಾಗಲೂ ಕರೆಂಟು ಎಳೆಯುವ ಡ್ಯಾಶ್‌ಕ್ಯಾಮ್ 12 ವೋಲ್ಟ್ ಬ್ಯಾಟರಿಯನ್ನು ಬರಿದು ಮಾಡಬಹುದು. ಅದು ನಿಮಗೆ ಬೇರೆ ಕಡೆ ಎಲ್ಲೂ ಕಾಣುವುದಿಲ್ಲ.

ಈಗ ಆಫ್ ಮಾಡಿ, ಸ್ವಲ್ಪ ಕಾಯಿರಿ

ಪಿ ಹಾಕಿ, ಹ್ಯಾಂಡ್‌ಬ್ರೇಕ್ ಹಿಡಿಸಿ, ಆಫ್ ಮಾಡಿ. ಇಳಿದು ಬಾಗಿಲು ಲಾಕ್ ಮಾಡಿ, ಕೀ ಹಿಡಿದುಕೊಂಡು ಒಂದಷ್ಟು ದೂರ ಹೋಗಿ. ಕೀ ಹತ್ತಿರವಿದ್ದರೆ, ಬಾಗಿಲು ತೆರೆದಿದ್ದರೆ ಒಳಗಿನ ಕಂಪ್ಯೂಟರುಗಳು ಎಚ್ಚರವಾಗಿಯೇ ಇರುತ್ತವೆ. ಹತ್ತರಿಂದ ಹದಿನೈದು ನಿಮಿಷ ಬಿಟ್ಟರೆ ಅವು ಮಲಗುತ್ತವೆ, ಬಿಸಿಯಾಗಿದ್ದ ಭಾಗ ಕೊಂಚ ತಣಿಯುತ್ತದೆ.

ವಾಪಸ್ ಬಂದು ಬ್ರೇಕ್ ಒತ್ತಿ ಆನ್ ಮಾಡಿ. ‘ರೆಡಿ’ ದೀಪ ಬಂತೇ ನೋಡಿ. ಸ್ಕ್ರೀನ್ ಹೊತ್ತಿಕೊಂಡರೆ ಸಾಲದು, ಅದು 12 ವೋಲ್ಟಿನಲ್ಲೇ ಹೊತ್ತುತ್ತದೆ. ‘ರೆಡಿ’ ಬಂದರೆ ಮಾತ್ರ ಕಾಂಟ್ಯಾಕ್ಟರ್ ಕೂಡಿದೆ ಎಂದರ್ಥ.

ದೋಷ ಹೋಗಿ ಗಾಡಿ ಸರಿಯಾಗಿ ಎಳೆದರೆ ಮೆಲ್ಲಗೆ ಓಡಿಸಿಕೊಂಡು ಹತ್ತಿರದ ಸರ್ವಿಸ್ ಸೆಂಟರಿಗೋ ಮನೆಗೋ ಹೋಗಿ. ಹೆದ್ದಾರಿ ಬೇಡ, ಓವರ್‌ಟೇಕ್ ಬೇಡ. ಮೂರು ಸಲ ಪ್ರಯತ್ನಿಸಿಯೂ ಏಳದಿದ್ದರೆ ಬಿಟ್ಟುಬಿಡಿ. ಪ್ರತಿ ಪ್ರಯತ್ನಕ್ಕೂ 12 ವೋಲ್ಟ್ ಬ್ಯಾಟರಿ ಖರ್ಚಾಗುತ್ತದೆ. ಅದು ಪೂರ್ತಿ ಸತ್ತರೆ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಬಿಡುವುದಿಲ್ಲ, ನ್ಯೂಟ್ರಲ್ ಬೀಳುವುದಿಲ್ಲ, ಟೋ ಮಾಡುವವರಿಗೂ ಕಷ್ಟ.

ಮೊದಲು ನೋಡಬೇಕಾದ್ದು ಚಿಕ್ಕ ಬ್ಯಾಟರಿ

ದೊಡ್ಡ ಬ್ಯಾಟರಿಯೇ ಹೋಯಿತು ಎಂದು ಜನ ಕಂಗಾಲಾಗುತ್ತಾರೆ. ನಾನು ಮೊದಲು ನೋಡುವುದು 12 ವೋಲ್ಟ್ ಬ್ಯಾಟರಿಯನ್ನು. ಕಾಂಟ್ಯಾಕ್ಟರ್‌ಗಳನ್ನು ಎಳೆದು ಹಿಡಿಯುವುದು, ಬಿಎಂಎಸ್, ಕೂಲಂಟ್ ಪಂಪು, ಎಲ್ಲ ಕಂಪ್ಯೂಟರುಗಳು ನಡೆಯುವುದು ಇದರಿಂದಲೇ. ಇದರ ವೋಲ್ಟೇಜ್ ಕುಸಿದರೆ ಒಂದು ಕಂಪ್ಯೂಟರ್ ಮಾತು ನಿಲ್ಲಿಸುತ್ತದೆ, ಇನ್ನೊಂದು ಅದನ್ನೇ ದೋಷ ಎಂದು ಬರೆದುಕೊಳ್ಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ವಾರ್ನಿಂಗ್ ಒಟ್ಟಿಗೆ ಬಂದರೆ ಇಲ್ಲೇ ಶುರು ಮಾಡಿ. ಏರು ರಸ್ತೆಯಲ್ಲಿ ನಿಂತ ನನ್ನ ಗಾಡಿಯಲ್ಲೂ ಕೊನೆಗೆ ಸಿಕ್ಕಿದ್ದು ಸಡಿಲವಾಗಿದ್ದ 12 ವೋಲ್ಟ್ ಟರ್ಮಿನಲ್.

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಡಿಸಿ ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಪಾಸಿಟಿವ್‌ಗೆ, ಕಪ್ಪು ನೆಗೆಟಿವ್‌ಗೆ ಹಿಡಿಯಿರಿ. ಗಾಡಿ ಆಫ್ ಆಗಿ ಒಂದೆರಡು ಗಂಟೆಯಾದ ಮೇಲೆ ಚೆನ್ನಾಗಿರುವ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಖಾಲಿಯಾದಂತೆಯೇ. ಆಮೇಲೆ ಗಾಡಿಯನ್ನು ‘ರೆಡಿ’ಗೆ ತಂದು ಮತ್ತೆ ಅಳೆಯಿರಿ. ಈಗ ಡಿಸಿ ಡಿಸಿ ಕನ್ವರ್ಟರ್ ದೊಡ್ಡ ಬ್ಯಾಟರಿಯಿಂದ ಚಿಕ್ಕದನ್ನು ಚಾರ್ಜ್ ಮಾಡಬೇಕು. ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.7 ವೋಲ್ಟ್ ಸಿಗುತ್ತದೆ.

ಎರಡನೆಯ ಅಳತೆ ತುಂಬಾ ಮುಖ್ಯ. ‘ರೆಡಿ’ಯಲ್ಲಿದ್ದರೂ 12.4 ತೋರಿಸಿ, ನೋಡನೋಡುತ್ತಲೇ ಇಳಿಯುತ್ತಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಕನ್ವರ್ಟರಿನದ್ದು. ಹೊಸ ಬ್ಯಾಟರಿ ಹಾಕಿದರೆ ಅದೂ ಸ್ವಲ್ಪ ಹೊತ್ತಿನಲ್ಲಿ ಖಾಲಿಯಾಗುತ್ತದೆ. 2024ರ ಮಾರ್ಚ್‌ನಲ್ಲಿ ಹ್ಯುಂಡೈ ಅಮೆರಿಕದಲ್ಲಿ ಅಯಾನಿಕ್ 5, ಅಯಾನಿಕ್ 6 ಮತ್ತು ಜೆನೆಸಿಸ್ ಹೆಸರಿನ ಇವಿಗಳು ಸೇರಿ 98,878 ಕಾರುಗಳನ್ನು ಹಿಂದಕ್ಕೆ ಕರೆದದ್ದು ಇಂಥದ್ದೇ ಕಾರಣಕ್ಕೆ. ಚಾರ್ಜಿಂಗ್ ನೋಡಿಕೊಳ್ಳುವ ಐಸಿಸಿಯು ಎನ್ನುವ ಘಟಕ ಕೆಟ್ಟರೆ 12 ವೋಲ್ಟ್ ಬ್ಯಾಟರಿ ಚಾರ್ಜ್ ಆಗುವುದು ನಿಲ್ಲುತ್ತದೆ, ಓಡುವಾಗ ಪವರ್ ಇಳಿಯುತ್ತದೆ.

ಟರ್ಮಿನಲ್ ಕೈಯಿಂದ ಅಲುಗಾಡಿಸಿದರೆ ಅಲ್ಲಾಡಬಾರದು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಸಂಪರ್ಕ ಸರಿಯಿಲ್ಲ. ಬ್ಯಾಟರಿ ಖಾಲಿಯಾಗಿದ್ದರೆ ಬೂಸ್ಟರ್ ಪ್ಯಾಕ್ ಅಥವಾ ಬೇರೆ ಪೆಟ್ರೋಲ್ ಕಾರಿನಿಂದ ಜಂಪ್ ಕೊಟ್ಟು ಎಬ್ಬಿಸಬಹುದು. ಕೇಬಲ್ ಎಲ್ಲಿ ಹಾಕಬೇಕೆಂದು ಮ್ಯಾನ್ಯುಯಲ್‌ನಲ್ಲಿ ನೋಡಿ. ಕೆಲವು ಕಾರುಗಳಲ್ಲಿ ಈ ಚಿಕ್ಕ ಬ್ಯಾಟರಿಯೂ ಲಿಥಿಯಂ ಆಗಿರುತ್ತದೆ, ಅದಕ್ಕೆ ಬೇರೆ ಕ್ರಮ. ನಿಮ್ಮ ಇವಿಯಿಂದ ಬೇರೆ ಕಾರಿಗೆ ಜಂಪ್ ಕೊಡಲು ಮಾತ್ರ ಹೋಗಬೇಡಿ. ಹಲವು ಕಂಪನಿಗಳು ಅದನ್ನು ಸ್ಪಷ್ಟವಾಗಿ ಬೇಡವೆಂದಿವೆ. ಎಂಜಿನ್ ಸ್ಟಾರ್ಟ್ ಮಾಡುವಷ್ಟು ಕರೆಂಟು ಕೊಡಲು ಈ ಬ್ಯಾಟರಿ, ಈ ಕನ್ವರ್ಟರ್ ಮಾಡಿದ್ದಲ್ಲ.

ಬಿಸಿ, ಚಳಿ, ಖಾಲಿ

12 ವೋಲ್ಟ್ ಸರಿಯಿದೆ ಅಂದರೆ ಮುಂದಿನ ಅನುಮಾನ ತಾಪದ್ದು. ಇಲ್ಲಿ ದೋಷವೇ ಇಲ್ಲದಿರಬಹುದು. ಲಿಥಿಯಂ ಸೆಲ್‌ಗಳಿಗೆ ಹಿತವೆನಿಸುವುದು ಸುಮಾರು 15ರಿಂದ 35 ಡಿಗ್ರಿ ಸೆಲ್ಸಿಯಸ್. ತುಂಬಾ ಚಳಿಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಗಾಡಿ ಬೆಳಿಗ್ಗೆ ಪವರನ್ನೂ ರೀಜೆನ್ನನ್ನೂ ಕಡಿಮೆ ಕೊಡುವುದು ಸಹಜ. ಹತ್ತಿಪ್ಪತ್ತು ನಿಮಿಷ ಓಡಿದ ಮೇಲೆ ಮೆಲ್ಲಗೆ ಸರಿಹೋಗುತ್ತದೆ. ಚಾರ್ಜು ಶೇಕಡಾ 10ಕ್ಕಿಂತ ಕೆಳಗಿಳಿದಾಗ ಆಮೆ ಬಂದರೂ ಗಾಬರಿ ಬೇಡ, ಚಾರ್ಜ್ ಮಾಡಿ.

ಬೇಸಿಗೆಯ ಮಧ್ಯಾಹ್ನ ಡಿಸಿ ಫಾಸ್ಟ್ ಚಾರ್ಜ್, ಅದರ ಬೆನ್ನಿಗೇ ಹೆದ್ದಾರಿ ವೇಗ, ಆಮೇಲೆ ಉದ್ದನೆಯ ಏರು. ಇದು ಪವರ್ ಇಳಿಯಲು ಹೇಳಿಮಾಡಿಸಿದ ಸಂದರ್ಭ. ಮೊದಲ ಎರಡು ತಲೆಮಾರಿನ ನಿಸಾನ್ ಲೀಫ್‌ನಂತೆ ಬ್ಯಾಟರಿಗೆ ದ್ರವದ ಕೂಲಿಂಗ್ ಇಲ್ಲದ ಗಾಡಿಗಳಲ್ಲಿ ಆ ಬಿಸಿ ಇಳಿಯಲು ತುಂಬಾ ಹೊತ್ತು ಬೇಕು. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿ ಸರಿಹೋದರೆ ಕಾರಣ ತಾಪವೇ ಎನ್ನಲು ಒಳ್ಳೆಯ ಸುಳಿವು ಸಿಕ್ಕಂತೆ. ಆದರೆ ಸಾಧಾರಣ ಊರೊಳಗಿನ ಓಡಾಟದಲ್ಲೇ ಹೀಗಾಗುತ್ತಿದ್ದರೆ ಕೂಲಂಟ್ ನೋಡಬೇಕು. ಗಾಡಿ ತಣ್ಣಗಿದ್ದಾಗ ಟ್ಯಾಂಕಿನ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಕಡಿಮೆಯಿದ್ದರೆ ನಲ್ಲಿ ನೀರನ್ನೋ ಮನೆಯಲ್ಲಿರುವ ಹಳೆ ಕೂಲಂಟನ್ನೋ ಸುರಿಯಬೇಡಿ. ಕೆಲವು ಇವಿಗಳ ಬ್ಯಾಟರಿಗೆ ಕರೆಂಟು ಸುಲಭವಾಗಿ ಹರಿಯದಂಥ ವಿಶೇಷ ಕೂಲಂಟೇ ಬೇಕು.

ಬಿಸಿಯಾಗುವುದು ಸೆಲ್ ಮಾತ್ರವೇ ಅಲ್ಲ. 2022ರ ಜೂನ್‌ನಲ್ಲಿ ಫೋರ್ಡ್ 48,924 ಮಸ್ಟಾಂಗ್ ಮಾಕ್ ಇ ಕಾರುಗಳನ್ನು ವಾಪಸ್ ಕರೆಯಿತು. ಫಾಸ್ಟ್ ಚಾರ್ಜ್ ಮತ್ತು ಪದೇಪದೇ ಪೂರ್ತಿ ಆಕ್ಸಿಲರೇಟರ್ ತುಳಿಯುವುದರಿಂದ ಅವುಗಳ ಮುಖ್ಯ ಕಾಂಟ್ಯಾಕ್ಟರ್ ಅತಿಯಾಗಿ ಬಿಸಿಯಾಗಿ, ಓಡುವಾಗಲೇ ಪವರ್ ಹೋಗುವ ಸಾಧ್ಯತೆಯಿತ್ತು. ಮೊದಲು ಕೊಟ್ಟ ಪರಿಹಾರ ಸಾಫ್ಟ್‌ವೇರ್ ಬದಲಾವಣೆ: ಕಾಂಟ್ಯಾಕ್ಟರ್ ಬಿಸಿಯಾಗುವ ಮುಂಚೆಯೇ ಪವರ್ ಇಳಿಸುವುದು.

ಇನ್ನು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಗಾಡಿಯವರಿಗೆ ಒಂದು ಮಾತು. ಈ ಸೆಲ್‌ನ ವೋಲ್ಟೇಜ್ ಚಾರ್ಜಿನ ಬಹುಪಾಲು ಹೊತ್ತು 3.2, 3.3ರ ಸುತ್ತಲೇ ಇರುತ್ತದೆ. ಅದಕ್ಕೇ ಎಷ್ಟು ಉಳಿದಿದೆ ಎನ್ನುವ ಬಿಎಂಎಸ್ ಲೆಕ್ಕ ತಪ್ಪುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಶೇಕಡಾ 80ಕ್ಕೇ ನಿಲ್ಲಿಸುತ್ತಿದ್ದರೆ, ಒಂದು ದಿನ 18 ತೋರಿಸುತ್ತಿದ್ದ ಮೀಟರ್ ಸರ್ರನೆ ಇಳಿದು ಆಮೆ ಬರಬಹುದು. ಎಸಿ ಚಾರ್ಜರಿನಲ್ಲಿ ಪೂರ್ತಿ 100ರವರೆಗೆ ಹಾಕಿ, ಆದಮೇಲೂ ಒಂದೆರಡು ಗಂಟೆ ಪ್ಲಗ್ ಬಿಟ್ಟಿರಿ. ಸೆಲ್‌ಗಳು ಸಮವಾಗಲು ಹೊತ್ತು ಸಿಗುತ್ತದೆ. ಎರಡು ಮೂರು ಸಲ ಹೀಗೆ ಮಾಡಿದ ಮೇಲೂ ಕುಸಿತ ನಿಲ್ಲದಿದ್ದರೆ ಒಂದು ಸೆಲ್ ಗುಂಪು ದುರ್ಬಲವಾಗಿರುವ ಅನುಮಾನವಿದೆ.

ಕೋಡ್ ಓದುವುದು

ಗಾಡಿಯ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಹಾಕುವ ಬ್ಲೂಟೂತ್ ಓಬಿಡಿ ಅಡಾಪ್ಟರ್, ನಿಮ್ಮ ಗಾಡಿಯ ಭಾಷೆ ಗೊತ್ತಿರುವ ಆ್ಯಪ್ ಎರಡೂ ಇದ್ದರೆ ಗಾಡಿ ದಾಖಲಿಸಿಕೊಂಡ ದೋಷದ ಕೋಡ್ ನೀವೇ ಓದಬಹುದು. ಪಿ0ಎಎ6 ಅಂದರೆ ಹೈ ವೋಲ್ಟೇಜ್ ಸೋರಿಕೆ, ಅಂದರೆ ಇನ್ಸುಲೇಶನ್ ದೋಷ. ಪಿ0ಎ94 ಡಿಸಿ ಡಿಸಿ ಕನ್ವರ್ಟರ್ ಕಡೆ ಕೈ ತೋರಿಸುತ್ತದೆ. ಪಿ0ಎ78 ಮೋಟಾರಿನ ಇನ್ವರ್ಟರ್. ಯು ಅಕ್ಷರದಿಂದ ಶುರುವಾಗುವವು ಕಂಪ್ಯೂಟರುಗಳ ನಡುವಿನ ಮಾತು ಕಡಿದದ್ದನ್ನು ಹೇಳುತ್ತವೆ, ಅವು ರಾಶಿಯಾಗಿ ಬಂದರೆ ಮತ್ತೆ 12 ವೋಲ್ಟ್ ನೋಡಿ. ಕೋಡ್ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ ಅಷ್ಟೇ. ಇನ್ವರ್ಟರ್ ಕೋಡ್ ಬಂತೆಂದು ಇನ್ವರ್ಟರ್ ಬದಲಿಸುವ ಮೊದಲು ಅದರ ಕನೆಕ್ಟರು, ಕೂಲಂಟ್ ಪಂಪು ನೋಡಬೇಕು.

ಓದಿ, ಸ್ಕ್ರೀನ್‌ಶಾಟ್ ತೆಗೆದು, ಅಲ್ಲಿಗೇ ನಿಲ್ಲಿಸಿ. ‘ಅಳಿಸು’ ಗುಂಡಿ ಒತ್ತಬೇಡಿ. ಕೋಡ್ ಜೊತೆಗೆ ಆ ಕ್ಷಣದ ವೇಗ, ತಾಪ, ವೋಲ್ಟೇಜ್ ಕೂಡ ದಾಖಲಾಗಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ, ಅದೂ ಚಿಕ್ಕ ಬ್ಯಾಟರಿಯನ್ನು ಕುಡಿಯುತ್ತದೆ.

ಕಿತ್ತಳೆ ಕೇಬಲ್ ಮುಟ್ಟಬೇಡಿ

ಬಾನೆಟ್ ಕೆಳಗೆ, ಗಾಡಿಯ ಅಡಿಯಲ್ಲಿ ಕಾಣುವ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ 400 ವೋಲ್ಟ್, ಕೆಲವು ಗಾಡಿಗಳಲ್ಲಿ 800 ವೋಲ್ಟ್ ಹರಿಯುತ್ತದೆ. ಗಾಡಿ ಆಫ್ ಮಾಡಿದರೂ ಇನ್ವರ್ಟರಿನ ಕೆಪಾಸಿಟರುಗಳಲ್ಲಿ ಕೆಲವು ನಿಮಿಷ ಚಾರ್ಜು ಉಳಿದಿರುತ್ತದೆ. ಬ್ಯಾಟರಿಯ ಒಳಗಂತೂ ಯಾವಾಗಲೂ ಇರುತ್ತದೆ. ಕಣ್ಣಿನಿಂದ ನೋಡಿ, ಫೋಟೋ ತೆಗೆಯಿರಿ, ಕೈ ಹಾಕಬೇಡಿ. ಇಲಿ ಕಚ್ಚಿದ ಗುರುತು, ಒದ್ದೆಯಾದ ಕನೆಕ್ಟರ್, ಅಡಿಯ ತಗಡು ನಗ್ಗಿದ್ದು ಕಂಡರೆ ಮೆಕ್ಯಾನಿಕ್‌ಗೆ ತೋರಿಸಿ.

ಇನ್ಸುಲೇಶನ್ ದೋಷದ ಬಗ್ಗೆ ಸ್ವಲ್ಪ ಹೇಳಬೇಕು. ಹೈ ವೋಲ್ಟೇಜ್ ತಂತಿಗಳಿಗೂ ಕಾರಿನ ಬಾಡಿಗೂ ಸಂಪರ್ಕ ಇರಬಾರದು. ವಿಶ್ವಸಂಸ್ಥೆಯ ಆರ್100 ನಿಯಮದ ಪ್ರಕಾರ ಡಿಸಿ ಭಾಗಕ್ಕೆ ಪ್ರತಿ ವೋಲ್ಟಿಗೆ ಕನಿಷ್ಠ 100 ಓಮ್ ತಡೆ ಬೇಕು, ಎಸಿ ಭಾಗಕ್ಕೆ 500 ಓಮ್. ಗಾಡಿ ಈ ತಡೆಯನ್ನು ತಾನೇ ಅಳೆಯುತ್ತಿರುತ್ತದೆ. ಎಸಿ ಕಂಪ್ರೆಸರ್, ಹೀಟರ್, ಚಾರ್ಜಿಂಗ್ ಸಾಕೆಟ್ ಎಲ್ಲಿ ನೀರು ಹೊಕ್ಕರೂ ತಡೆ ಇಳಿಯುತ್ತದೆ, ವಾರ್ನಿಂಗ್ ಬರುತ್ತದೆ. ಮಳೆಯಲ್ಲಿ ಬಂದು ಬಿಸಿಲಿಗೆ ಮಾಯವಾಗುವ ದೋಷ ಹೆಚ್ಚಾಗಿ ಇದೇ. ಮಾಯವಾಯಿತೆಂದು ಬಿಡಬೇಡಿ. ಒಳಗೆ ಹೊಕ್ಕ ನೀರು ತುಕ್ಕು ಹಿಡಿಸುತ್ತಲೇ ಇರುತ್ತದೆ.

ಟೋ ಮಾಡುವಾಗ

ಇಡೀ ಗಾಡಿಯನ್ನು ಮೇಲೇರಿಸಿ ಒಯ್ಯುವ ಫ್ಲಾಟ್‌ಬೆಡ್ ಲಾರಿ ಕೇಳಿ. ಫೋನಿನಲ್ಲೇ ಇವಿ ಎಂದು ಹೇಳಿ. ಮೋಟಾರಿಗೆ ಜೋಡಿಸಿದ ಚಕ್ರ ನೆಲದ ಮೇಲೆ ಉರುಳಿದರೆ ಮೋಟಾರ್ ಜನರೇಟರ್ ಆಗಿ ತಾನೇ ಕರೆಂಟು ಹುಟ್ಟಿಸುತ್ತದೆ. ಅದರಿಂದ ಇನ್ವರ್ಟರ್ ಸುಡಬಹುದು. ಹಗ್ಗ ಕಟ್ಟಿ ಎಳೆಯುವುದು ಬೇಡವೇ ಬೇಡ. ಟೋ ಕೊಕ್ಕೆ ಹಾಕುವ ಜಾಗ, ನ್ಯೂಟ್ರಲ್‌ಗೆ ತರುವ ಕ್ರಮ ಮ್ಯಾನ್ಯುಯಲ್‌ನಲ್ಲಿರುತ್ತದೆ. ಆ ಪುಟದ ಫೋಟೋ ಇವತ್ತೇ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಸರ್ವಿಸ್ ಸೆಂಟರಿನಲ್ಲಿ

ಜಾಬ್ ಕಾರ್ಡಿನಲ್ಲಿ ‘ಪಿಕಪ್ ಇಲ್ಲ’ ಎಂದಷ್ಟೇ ಬರೆಸಬೇಡಿ. ನೀವು ಬರೆದಿಟ್ಟ ನಾಲ್ಕು ಸಾಲನ್ನು ಹಾಗೇ ಸೇರಿಸಿ: ಎಷ್ಟು ಶೇಕಡಾ ಚಾರ್ಜಿನಲ್ಲಿ, ಯಾವ ವೇಗದಲ್ಲಿ, ಯಾವ ಸಂದೇಶ. ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ನಿಮ್ಮ ಚಾಸಿ ನಂಬರಿಗೆ ಯಾವುದಾದರೂ ರಿಕಾಲ್ ಅಥವಾ ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಇದೆಯೇ? ದಾಖಲಾದ ಕೋಡ್‌ಗಳ ಪ್ರಿಂಟ್ ಕೊಡುತ್ತೀರಾ? ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜಿನ ಸೆಲ್‌ಗಳ ನಡುವೆ ಅಂತರ ಎಷ್ಟಿದೆ, ಗಾಡಿ ನಿಂತಾಗ ಎಷ್ಟು, ಜೋರಾಗಿ ಎಳೆಯುವಾಗ ಎಷ್ಟು? ನಿಂತಾಗ ಸಮವಾಗಿದ್ದು, ಎಳೆಯುವಾಗ ಒಂದೇ ಸೆಲ್ ಗುಂಪು ಉಳಿದವುಗಳಿಗಿಂತ ತುಂಬಾ ಕುಸಿದರೆ ದೋಷ ಎಲ್ಲಿದೆಯೆಂದು ಅಲ್ಲೇ ಗೊತ್ತಾಗುತ್ತದೆ. ಇಡೀ ಬ್ಯಾಟರಿ ಬದಲಿಸಬೇಕೆಂದು ಹೇಳಿದರೆ ಈ ಅಂಕಿ ಕೇಳದೆ ಒಪ್ಪಿಕೊಳ್ಳಬೇಡಿ. ಹಲವು ಗಾಡಿಗಳಲ್ಲಿ ಒಂದು ಮಾಡ್ಯೂಲ್, ಅಂದರೆ ಸೆಲ್‌ಗಳ ಒಂದು ಕಟ್ಟು ಮಾತ್ರ ಬದಲಿಸಬಹುದು. ಬ್ಯಾಟರಿ ವಾರಂಟಿ ಗಾಡಿಯ ವಾರಂಟಿಗಿಂತ ಉದ್ದವಿರುತ್ತದೆ, 8 ವರ್ಷದ್ದು ತುಂಬಾ ಸಾಮಾನ್ಯ.

‘ಏನೂ ಸಿಗಲಿಲ್ಲ, ಕೋಡ್ ಅಳಿಸಿದ್ದೇವೆ’ ಎನ್ನುವ ಉತ್ತರ ಬರಬಹುದು. ಆಗ ಅಳಿಸುವ ಮುಂಚಿನ ಕೋಡ್ ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಕ್ಯಾನರ್ ಹಾಕಿದ ಸ್ಥಿತಿಯಲ್ಲೇ, ದೋಷ ಬಂದಾಗ ಇದ್ದಷ್ಟೇ ಚಾರ್ಜಿನಲ್ಲಿ, ಅಂಥದ್ದೇ ಏರಿನಲ್ಲಿ ಒಂದು ಸುತ್ತು ಓಡಿಸಿ ನೋಡಿ. ಚಾರ್ಜು ಶೇಕಡಾ 30ಕ್ಕೆ ಇಳಿದಾಗ ಬರುವ ದೋಷವನ್ನು 90ರಲ್ಲಿ ಸಮತಟ್ಟು ರಸ್ತೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ಸರ್ವಿಸ್‌ಗೆ ಬಿಡುವ ಹಿಂದಿನ ರಾತ್ರಿ ಚಾರ್ಜ್‌ಗೆ ಹಾಕಬೇಡಿ.